ಎಲ್ಲಾ ದೇವರ ಕೈಯಾಗೈತಿ?

ಮಹಾರಾಷ್ಟ್ರದ ಶಿರೋಳ ತಾಲ್ಲೂಕಿನಲ್ಲಿ ಮಳೆಗಾಲ ಬಂತೆಂದರೆ ಹೊಳೆಯದೇ ಮಾತು. ದತ್ತವಾಡದ ಬದಿಗೆ ದೂಧಗಂಗಾ, ಆಚೆಗೆ ಕರ್ನಾಟಕದ ಸದಲಗಾ. ಪಂಚಗಂಗೆ ಕೃಷ್ಣೆಯನ್ನು ಕೂಡುವುದೂ ಇದೇ ತಾಲ್ಲೂಕಿನಲ್ಲಿ. 2005, 2019, 2021ರಲ್ಲಿ ಮಹಾಪೂರ ಬಂದು ಮನೆ ಬಿದ್ದವು, ಬೆಳೆ ಕೊಳೆಯಿತು. ಆಗೆಲ್ಲ ಇಲ್ಲಿ ಕಿವಿಗೆ ಬೀಳುವ ಮಾತು ‘ಎಲ್ಲಾ ದೇವರ ಕೈಯಾಗೈತಿ’. ಇಷ್ಟು ಕೇಡು ಕಂಡ ಮೇಲೂ ಅದನ್ನು ನಂಬಬಹುದೇ?

ಪರ: ನಂಬಬೇಕು

ನರಸೋಬಾವಾಡಿ ಇಲ್ಲಿಗೆ ಹತ್ತಿರ. ಹೊಳೆ ಏರಿದಾಗ ನೀರು ದತ್ತನ ಗುಡಿಯನ್ನೂ ಬಿಡುವುದಿಲ್ಲ. ಪಾದುಕೆಗಳ ಮೇಲೆ ಹರಿದು ದಕ್ಷಿಣದ ಬಾಗಿಲಿನಿಂದ ಹೊರಬೀಳುವ ಆ ನೀರಿನಲ್ಲಿ ಮೀಯಲು ಭಕ್ತರು ಕಾದಿರುತ್ತಾರೆ. ದಕ್ಷಿಣದ್ವಾರ ಸೋಹಳಾ ಎಂದು ಅದಕ್ಕೆ ಹೆಸರು. ನೀರು ಇನ್ನೂ ಏರಿದರೆ ಉತ್ಸವಮೂರ್ತಿಯನ್ನು ಎತ್ತಿಕೊಂಡು ಮೇಲಿನ ಜಾಗಕ್ಕೆ ಒಯ್ಯುತ್ತಾರೆ. ಹೊಳೆಯೂ ಅವನದೇ ಎಂದು ನಂಬಿದವರು ಕೈಕಟ್ಟಿ ಕೂತಿಲ್ಲ. ನಂಬಿಕೆಯೆಂದರೆ ಕೈಚೆಲ್ಲುವುದು ಎನ್ನುವವರು ಇದನ್ನು ನೋಡಲಿ.

ಕೇಡಿನ ಪ್ರಶ್ನೆ ನಮ್ಮವರಿಗೆ ಹೊಸದೇನಲ್ಲ. ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖ ಕೊಡುವ ದೇವರು ಪಕ್ಷಪಾತಿಯಲ್ಲವೇ, ನಿರ್ದಯಿಯಲ್ಲವೇ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯವೇ ಎತ್ತಿಕೊಂಡಿದೆ. ಜೀವರ ಕರ್ಮವನ್ನು ನೋಡಿ ಫಲ ಕೊಡುತ್ತಾನೆ ಎಂಬುದು ಅಲ್ಲಿಯ ಉತ್ತರ. ಸ್ವತಂತ್ರನು ಅವನೊಬ್ಬನೇ, ಕರ್ಮವೂ ಅವನ ಅಧೀನ ಎಂದರು ಮಧ್ವಾಚಾರ್ಯರು.

ಈ ಉತ್ತರದಿಂದ ಎಲ್ಲರ ಕಣ್ಣೀರು ಆರುತ್ತದೆ ಎಂದು ನಾನು ಹೇಳಲಾರೆ. ಕೂಸನ್ನು ಕಳಕೊಂಡ ತಾಯಿಯ ಮುಂದೆ ಕರ್ಮದ ಮಾತೆತ್ತುವವನು ಬಾಯಿ ಮುಚ್ಚಿಕೊಂಡಿರುವುದೇ ಲೇಸು. ಆದರೆ ಆ ತಾಯಿಯೇ ‘ದತ್ತಾ, ಯಾಕ ಹಿಂಗ ಮಾಡಿದಿ’ ಎಂದು ಬಾಯಿಬಿಟ್ಟು ಅಳುತ್ತಾಳಲ್ಲ, ಆ ಅಳುವನ್ನು ಕೇಳಿಸಿಕೊಳ್ಳಲು ಒಬ್ಬನಿದ್ದಾನೆ ಎಂಬುದೇ ನನ್ನ ವಾದದ ಬುಡ. ಅವಳದು ಜಗಳವೇ ಇರಬಹುದು. ಒಡೆಯನೊಡನೆ ಜಗಳವಾಡುವುದೂ ಭಕ್ತಿಯೇ. ಒಡೆಯನೇ ಇಲ್ಲವೆಂದರೆ ಸತ್ತವರ ಪಾಲಿಗೆ ನ್ಯಾಯವೆಂಬುದು ಎಂದೆಂದಿಗೂ ಇಲ್ಲ, ಬಲವಂತನು ಮಾಡಿದ್ದೇ ಕೊನೆ. ಅದನ್ನು ಒಪ್ಪಲು ನನ್ನ ಮನಸ್ಸು ಸುತರಾಂ ಸಿದ್ಧವಿಲ್ಲ.

ವಿರೋಧ: ನಂಬಲಾಗದು

ಪೂರ ಇಳಿದ ಮೇಲೆ ಕಬ್ಬಿನ ಹೊಲಕ್ಕೆ ಹೋಗಬೇಕು. ದೂರಕ್ಕೆ ಬೆಳೆ ನಿಂತೇ ಇದೆ ಅನಿಸುತ್ತದೆ. ಸುಳಿ ಹಿಡಿದು ಎಳೆದರೆ ಕೈಗೇ ಕಿತ್ತು ಬರುತ್ತದೆ. ಕೆಸರುನೀರು ಹೊಕ್ಕು ಒಳಗೆ ಕೊಳೆತು ನಾರುತ್ತಿರುತ್ತದೆ. ವರ್ಷದ ದುಡಿಮೆ ಹೋಯಿತು, ಸೊಸೈಟಿಯ ಸಾಲ ಉಳಿಯಿತು. ತಗ್ಗಿನ ಹೊಲದಲ್ಲಿ ಪುಣ್ಯವಂತನದೂ ಪಾಪಿಯದೂ ಒಟ್ಟಿಗೇ ಕೊಳೆಯುತ್ತದೆ, ದಿಬ್ಬದ ಮೇಲಿನದು ಯಾರದ್ದಾದರೂ ಉಳಿಯುತ್ತದೆ. ನೀರು ನೋಡುವುದು ನೆಲದ ಮಟ್ಟವನ್ನು ಮಾತ್ರ.

ತಾಯಿಯ ಅಳುವಿನ ಮಾತು ನನ್ನನ್ನೂ ತಟ್ಟಿತು. ಆದರೆ ಅಳು ಕೇಳಿಸಿಕೊಳ್ಳುವವನಿಗೆ ಅದಕ್ಕೂ ಮುಂಚೆ ನೀರನ್ನು ತಡೆಯಲು ಬರುತ್ತಿರಲಿಲ್ಲವೇ? ಈ ಸೀಮೆಯಲ್ಲಿ ಜೈನರು ಬಹಳ. ಅಮೋಘವರ್ಷನ ಕಾಲದ ಜಿನಸೇನಾಚಾರ್ಯರು ಒಂಬತ್ತನೆಯ ಶತಮಾನದಲ್ಲೇ ಮಹಾಪುರಾಣದಲ್ಲಿ ಈ ತರ್ಕ ಹೂಡಿದ್ದರು. ದೇವರು ಪರಿಪೂರ್ಣನಾದರೆ ಸೃಷ್ಟಿಸುವ ಬಯಕೆ ಅವನಿಗೇಕೆ ಹುಟ್ಟಿತು? ಕರುಣೆಯಿಂದ ಸೃಷ್ಟಿಸಿದ್ದಾದರೆ ಎಲ್ಲವನ್ನೂ ಸುಖಮಯವಾಗಿ ಏಕೆ ಮಾಡಲಿಲ್ಲ? ಸೃಷ್ಟಿಕರ್ತನನ್ನು ಒಪ್ಪದೆಯೇ ಈ ಜನ ಅಹಿಂಸೆಯನ್ನು ಬಾಳಿನ ನಿಯಮ ಮಾಡಿಕೊಂಡರು. ಒಡೆಯನಿಲ್ಲದಿದ್ದರೆ ಬಲವಂತನದೇ ಕೊನೆ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ. ಹಾಗೆಂದು ಜೈನರ ಕರ್ಮವಾದವೂ ನನಗೆ ಒಪ್ಪಿಗೆಯಿಲ್ಲ. ಮುಳುಗಿದ ಕೂಸಿನ ತಲೆಗೆ ಹಿಂದಿನ ಜನ್ಮದ ತಪ್ಪು ಕಟ್ಟುವುದು, ಯಾವ ಮತದವರು ಮಾಡಿದರೂ ಅನ್ಯಾಯವೇ.

1993ರ ಸೆಪ್ಟೆಂಬರ್ 30ರ ನಸುಕು. ಗಣಪತಿಯನ್ನು ಕಳಿಸಿ ಬಂದು ಜನ ಮಲಗಿದ್ದರು. ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತ ನೆಲ ನಡುಗಿ ಸುಮಾರು 10,000 ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆ. 2019ರ ಆಗಸ್ಟ್ 8ರಂದು ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ, ಪೂರದಿಂದ ಪಾರಾಗಲು ಹತ್ತಿದ ದೋಣಿಯೇ ಮಗುಚಿತು. ಹಿಡಿಸುವುದಕ್ಕಿಂತ ಹೆಚ್ಚು ಜನ ಅದರಲ್ಲಿದ್ದರು. ಇನ್ನೊಂದು ದೋಣಿ ಏಕಿರಲಿಲ್ಲ? ‘ದೇವರ ಇಚ್ಛೆ’ ಎಂದೊಡನೆ ಈ ಪ್ರಶ್ನೆಯ ಬಾಯಿಗೆ ಬೀಗ ಬೀಳುತ್ತದೆ. ನನ್ನ ಸಿಟ್ಟು ಇರುವುದು ಅದರ ಮೇಲೆ.

ಮೂರ್ತಿಯನ್ನು ಮೇಲಕ್ಕೆ ಒಯ್ಯುವವರನ್ನು ನಾನೂ ಮೆಚ್ಚುತ್ತೇನೆ. ಅಷ್ಟೇ ಕಾಳಜಿ ತಗ್ಗಿನ ಓಣಿಯ ಮನೆಗಳಿಗೂ ಸಿಗಬೇಕು. 2019ರ ಪೂರದ ಕಾರಣ ಹುಡುಕಲು ಮಹಾರಾಷ್ಟ್ರ ಸರ್ಕಾರ ವಡ್ನೇರೆ ಸಮಿತಿಯನ್ನು ನೇಮಿಸಿತ್ತು. ಕಾಳಮ್ಮವಾಡಿ ಅಣೆಕಟ್ಟಿನಿಂದ ಯಾವ ದಿನ ಎಷ್ಟು ನೀರು ಬಿಟ್ಟರು, ಆಲಮಟ್ಟಿಯಲ್ಲಿ ಎಷ್ಟು ನಿಲ್ಲಿಸಿದರು, ಹೊಳೆಯ ಪಾತ್ರ ಒತ್ತಿ ಕಟ್ಟಲು ಪರವಾನಗಿ ಕೊಟ್ಟವರು ಯಾರು, ಇವೆಲ್ಲ ಕಾಗದದಲ್ಲಿರುವ ಸಂಗತಿಗಳು. ಉತ್ತರ ಹೇಳಬೇಕಾದ ಅಧಿಕಾರಿಗಳು ಎರಡೂ ರಾಜ್ಯಗಳಲ್ಲಿದ್ದಾರೆ. ಅವರನ್ನು ಮಳೆಗಾಲಕ್ಕೆ ಮುಂಚೆ, ಹೊಳೆ ಬತ್ತಿರುವಾಗಲೇ, ಗ್ರಾಮಸಭೆಗೆ ಕರೆಸಿ ಕೇಳಬೇಕು.