ಮೊಕದ್ದಮೆ ಉಳಿಸಿದ ಮೂಕಿಚಿತ್ರ

ಮೂಕಿಯ ಕಾಲದಲ್ಲಿ ಭಾರತದಲ್ಲಿ ಸಾವಿರಕ್ಕೂ ಮಿಕ್ಕಿ ಚಿತ್ರಗಳು ತಯಾರಾದವು. ಅವುಗಳ ಪೈಕಿ ಇಂದು ನೋಡಸಿಗುವವು ತೀರಾ ವಿರಳ. ಹೀಗೆ ಉಳಿದವುಗಳಲ್ಲಿ ನಮ್ಮ ಕೇರಳದ್ದೇ ಆದ ಒಂದು ಚಿತ್ರವಿದೆ. ಅದು ಉಳಿದುಬಂದ ಬಗೆ ಎಲ್ಲರೂ ತಿಳಿಯತಕ್ಕದ್ದಾಗಿದೆ.

ಸಿ. ವಿ. ರಾಮನ್ ಪಿಳ್ಳೆಯವರು ೧೮೯೧ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಆಧರಿಸಿ ಪಿ. ವಿ. ರಾವ್ ಅವರು ನಿರ್ದೇಶಿಸಿದ ಆ ಚಿತ್ರವೇ 'ಮಾರ್ತಾಂಡವರ್ಮ'. ಮುದಿ ಅರಸ ಹಾಸಿಗೆ ಹಿಡಿದಿದ್ದಾನೆ. ಪದ್ಧತಿಯಂತೆ ಪಟ್ಟ ಸಲ್ಲಬೇಕಾದದ್ದು ಅಳಿಯ ಮಾರ್ತಾಂಡವರ್ಮನಿಗೆ. ಆದರೆ ಅರಸನ ಮಗ ತಂಬಿ, ಬಲಾಢ್ಯರಾದ ಎಂಟು ಮನೆ ಪಿಳ್ಳೆಗಳೊಡನೆ ಸೇರಿ ಸಂಚು ಹೂಡುತ್ತಾನೆ. ಅಳಿಯಕಟ್ಟು ಬಲ್ಲ ನಮ್ಮ ಸೀಮೆಯವರಿಗೆ ಈ ಜಗಳದ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದರ ನಡುವೆ ಪಾರುಕುಟ್ಟಿಯ ಪ್ರೇಮದ ಕಥೆಯಿದೆ. ಸತ್ತನೆಂದೇ ಎಲ್ಲರೂ ನಂಬಿದ ಆಕೆಯ ನಲ್ಲ ಅನಂತಪದ್ಮನಾಭ, ಹುಚ್ಚನ ವೇಷದಲ್ಲಿ ತಿರುಗುತ್ತ ಯುವರಾಜನನ್ನು ಕಾಯುತ್ತಾನೆ.

೧೯೩೩ರಲ್ಲಿ ತಿರುವನಂತಪುರದಲ್ಲಿ ಚಿತ್ರ ತೆರೆಕಂಡಿತು. ಕಾದಂಬರಿಯ ಹಕ್ಕು ತಮ್ಮದೆಂದು ಪ್ರಕಾಶಕರು ನ್ಯಾಯಾಲಯದ ಮೆಟ್ಟಲೇರಿದರು. ಪ್ರದರ್ಶನ ನಿಂತಿತು, ಚಿತ್ರದ ಪ್ರತಿ ಪ್ರಕಾಶಕರ ವಶವಾಯಿತು. ನಿರ್ಮಾಪಕರಿಗೆ ಅದು ದೊಡ್ಡ ಪೆಟ್ಟು. ಆದರೆ ಪುಸ್ತಕದಂಗಡಿಯ ವಶದಲ್ಲಿ ಮೂಲೆಗೆ ಬಿದ್ದಿದ್ದುದೇ ಆ ಪ್ರತಿಗೆ ರಕ್ಷೆಯಾಯಿತು. ೧೯೭೪ರಲ್ಲಿ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಅದನ್ನು ಪಡೆದುಕೊಂಡಿತು. ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ. ಕೆ. ನಾಯರ್ ಅವರ ಶ್ರಮವನ್ನು ಇಲ್ಲಿ ನೆನೆಯಲೇಬೇಕು. ಇದಕ್ಕೂ ಮುಂಚೆ ಜೆ. ಸಿ. ಡೇನಿಯಲ್ ಅವರು ತಯಾರಿಸಿದ, ಮಲೆಯಾಳದ ಮೊದಲ ಚಿತ್ರವೆನಿಸಿದ 'ವಿಗತಕುಮಾರನ್' ಮಾತ್ರ ಹೇಳಹೆಸರಿಲ್ಲದೆ ಹೋಯಿತು.

ಕನ್ನಡದ ನಷ್ಟವೂ ಸಣ್ಣದಲ್ಲ. ಶೂದ್ರಕನ 'ಮೃಚ್ಛಕಟಿಕ'ದಲ್ಲಿಯೂ ಪ್ರೇಮವಿದೆ, ಅರಸನನ್ನು ಉರುಳಿಸುವ ಒಳಸಂಚಿದೆ. ಅದನ್ನು ಮೋಹನ ಭವನಾನಿಯವರು ಮೂಕಿಯಾಗಿಸಿದಾಗ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಅಭಿನಯಿಸಿದ್ದರು. ಆ 'ವಸಂತಸೇನಾ'ವನ್ನು ಇಂದು ನೋಡುವ ಭಾಗ್ಯ ನಮಗಿಲ್ಲ.

ಅಂದಿನ ನೈಟ್ರೇಟ್ ಫಿಲ್ಮು ಥಟ್ಟನೆ ಬೆಂಕಿ ಹಿಡಿಯುವಂಥದು. ಸೆಕೆಗೂ ತೇವಕ್ಕೂ ಕರಗಿ ಹಾಳಾಗುವಂಥದು. ಟಾಕಿ ಬಂದ ಮೇಲೆ ಬೆಲೆಯಿಲ್ಲದಾದ ರೀಲುಗಳನ್ನು, ಅದರಲ್ಲಿದ್ದ ಬೆಳ್ಳಿಯ ಆಸೆಗೆ ಮಾರಿದವರೂ ಉಂಟು. ನಾಶಕ್ಕೆ ವೈರಿಯೇ ಬೇಕೆಂದಿಲ್ಲ, ಮನೆಯವರ ಉದಾಸೀನವೇ ಸಾಕು.

ಇದು ಸಿನಿಮಾಕ್ಕಷ್ಟೇ ಸಲ್ಲುವ ಮಾತಲ್ಲ. ಈ ಜಿಲ್ಲೆಯ ಕನ್ನಡ ಮನೆಗಳ ಅಟ್ಟಗಳಲ್ಲಿ ಯಕ್ಷಗಾನ ಪ್ರಸಂಗಗಳ ಕೈಬರಹಗಳು, ಬಯಲಾಟದ ಹಳೆಯ ಕರಪತ್ರಗಳು, ಶಾಲಾ ವಾರ್ಷಿಕೋತ್ಸವದ ಚಿತ್ರಗಳು ಗೆದ್ದಲಿಗೆ ಆಹಾರವಾಗುತ್ತಿರಬಹುದು. ಕನ್ನಡ ಇಲ್ಲಿ ಬಾಳಿ ಬದುಕಿದೆ ಎಂಬುದಕ್ಕೆ ಅವೇ ಸಾಕ್ಷಿ. ಮಾರ್ತಾಂಡವರ್ಮನನ್ನು ಒಂದು ಮೊಕದ್ದಮೆ ಉಳಿಸಿತು. ನಮ್ಮ ಕಾಗದಪತ್ರಗಳ ಮೇಲೆ ಯಾರೂ ದಾವೆ ಹೂಡಲಾರರು. ಅವುಗಳನ್ನು ನಾವೇ ಕಾಪಾಡಿಕೊಳ್ಳಬೇಕು. ಈ ಮಳೆಗಾಲ ಹಿಡಿಯುವ ಮುನ್ನ ಓದುಗರು ಒಮ್ಮೆ ಅಟ್ಟ ಹತ್ತಿ ನೋಡಲಿ.