ಬಡ್ಡಿ ಎಷ್ಟು ಎನ್ನುವ ಮೊದಲು, ದುಡ್ಡು ಎಲ್ಲಿದೆ ಎಂದು ಕೇಳಿ

ಉಳಿಸಿದ ದುಡ್ಡನ್ನು ಎಲ್ಲಿ ಇಟ್ಟಿದ್ದೀಯ ಎಂದು ನನ್ನ ವಯಸ್ಸಿನ ಯಾರನ್ನು ಕೇಳಿದರೂ ಸಿಗುವ ಉತ್ತರ ಒಂದೇ: 'ಆ್ಯಪ್‌ನಲ್ಲಿದೆ'. ಟ್ಯೂಷನ್ ಹೇಳಿ ಗಳಿಸಿದ್ದು, ವಿದ್ಯಾರ್ಥಿವೇತನದಲ್ಲಿ ಮಿಕ್ಕಿದ್ದು, ಮೊದಲ ಸಂಬಳದಲ್ಲಿ ಎತ್ತಿಟ್ಟಿದ್ದು ಎಲ್ಲವೂ ಆ್ಯಪ್‌ನಲ್ಲೇ. ಆದರೆ ಆ್ಯಪ್ ಬರೀ ಬಾಗಿಲು. ಅದರ ಹಿಂದೆ ಬ್ಯಾಂಕ್ ಇರಬಹುದು, ಫೈನಾನ್ಸ್ ಕಂಪನಿ ಇರಬಹುದು, ಯಾರ ಅಂಕೆಗೂ ಸಿಗದ ವ್ಯಾಪಾರಿಯೂ ಇರಬಹುದು. ಬಾಗಿಲಿನ ಬಣ್ಣ ನೋಡಿ ದುಡ್ಡು ಇಡುವ ಅಭ್ಯಾಸ ನಮ್ಮ ಪೀಳಿಗೆಗೆ ದುಬಾರಿಯಾಗಲಿದೆ ಎಂಬುದು ನನ್ನ ಅಭಿಪ್ರಾಯ.

ಒಂದೇ ಆ್ಯಪ್‌ನ ಒಳಗೆ ಏನೇನಿದೆ ನೋಡಿ. ಯುಪಿಐ ಮೂಲಕ ಕಳುಹಿಸುವ ಹಣ ನಿಮ್ಮ ಬ್ಯಾಂಕ್ ಖಾತೆಯಲ್ಲೇ ಇರುತ್ತದೆ. ಅಲ್ಲೇ ಪಕ್ಕದಲ್ಲಿರುವ ವಾಲೆಟ್‌ಗೆ ತುಂಬಿದ ಹಣಕ್ಕೆ ಬಡ್ಡಿಯೂ ಇಲ್ಲ, ಠೇವಣಿ ವಿಮೆಯೂ ಇಲ್ಲ. ಕೆಳಗೆ 'ಎಫ್‌ಡಿ' ಎಂಬ ಗುಂಡಿ ಇರುತ್ತದೆ. ಅದು ಬ್ಯಾಂಕಿನ ಠೇವಣಿಯೋ, ಬ್ಯಾಂಕೇತರ ಹಣಕಾಸು ಕಂಪನಿಯದ್ದೋ ಎಂಬುದು ಸಣ್ಣ ಅಕ್ಷರದಲ್ಲಿರುತ್ತದೆ. ಅದರ ಕೆಳಗೆ ಡಿಜಿಟಲ್ ಚಿನ್ನ. ನಾಲ್ಕೂ ಒಂದೇ ಪರದೆಯ ಮೇಲೆ ಇವೆ, ನಾಲ್ಕರ ಭದ್ರತೆಯೂ ಬೇರೆ ಬೇರೆ.

ನಾನು ಮೊದಲು ಕೇಳುವ ಪ್ರಶ್ನೆ ಇದು: ಈ ಸಂಸ್ಥೆ ಮುಳುಗಿದರೆ ನನ್ನ ಹಣವನ್ನು ಯಾರು ಕೊಡುತ್ತಾರೆ? ಬ್ಯಾಂಕ್ ಠೇವಣಿಗೆ ಇದಕ್ಕೆ ಸ್ಪಷ್ಟ ಉತ್ತರವಿದೆ. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮವು ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ ಅಸಲು, ಬಡ್ಡಿ ಸೇರಿ ₹5 ಲಕ್ಷದವರೆಗೆ ವಿಮೆ ಕೊಡುತ್ತದೆ. 2020ರ ಫೆಬ್ರುವರಿವರೆಗೆ ಈ ಮಿತಿ ₹1 ಲಕ್ಷ ಇತ್ತು. ವಿಮೆಯ ಕಂತನ್ನು ಬ್ಯಾಂಕೇ ಕಟ್ಟುತ್ತದೆ, ನಾವು ಅರ್ಜಿ ಹಾಕಬೇಕಿಲ್ಲ. ಸರ್ಕಾರಿ ಬ್ಯಾಂಕ್, ಖಾಸಗಿ ಬ್ಯಾಂಕ್, ಸಣ್ಣ ಹಣಕಾಸು ಬ್ಯಾಂಕ್, ಪೇಮೆಂಟ್ಸ್ ಬ್ಯಾಂಕ್, ಪಟ್ಟಣ ಸಹಕಾರ ಬ್ಯಾಂಕ್ ಎಲ್ಲಕ್ಕೂ ಇದು ಅನ್ವಯ. ಅಂಚೆ ಕಚೇರಿಯ ಉಳಿತಾಯ ಖಾತೆಯ ಹಿಂದೆ ಕೇಂದ್ರ ಸರ್ಕಾರವೇ ಇದೆ.

ಆದರೆ ವಿಮೆ ಇದ್ದರೆ ಸಾಕೇ? ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು ತೆಗೆಯಬಹುದಾಗಿದ್ದ ಮೊತ್ತ ಕೇವಲ ₹35,000. ಜೀವಮಾನದ ಗಳಿಕೆ ಇಟ್ಟಿದ್ದ ಹಿರಿಯರು ಬೀದಿಗೆ ಬಂದರು. 2021ರಲ್ಲಿ ಕಾನೂನು ತಿದ್ದುಪಡಿಯಾದ ಮೇಲೆ, ನಿರ್ಬಂಧ ಬಿದ್ದ 90 ದಿನಗಳೊಳಗೆ ವಿಮೆ ಹಣ ಕೊಡಬೇಕೆಂಬ ನಿಯಮ ಬಂತು. ದೊಡ್ಡ ಸುಧಾರಣೆಯೇ ಸರಿ. ಆದರೆ ಸೆಮಿಸ್ಟರ್ ಶುಲ್ಕ ಕಟ್ಟಲು 15 ದಿನ ಇರುವವರಿಗೆ 90 ದಿನ ಎಂದರೆ ಏನು? ಅದಕ್ಕೇ ತುರ್ತಿನ ಹಣವನ್ನು ಎರಡು ಬ್ಯಾಂಕುಗಳಲ್ಲಿ ಹಂಚಿಡಬೇಕು ಎನ್ನುತ್ತೇನೆ.

ವಿಮೆಯ ಹೊರಗೆ ಉಳಿಯುವವುಗಳ ಪಟ್ಟಿ ದೊಡ್ಡದು. ಊರಿನ ಪತ್ತಿನ ಸಹಕಾರ ಸಂಘ ಎಷ್ಟೇ ಪರಿಚಿತವಾಗಿದ್ದರೂ ಬ್ಯಾಂಕ್ ಅಲ್ಲ, ಅಲ್ಲಿನ ಠೇವಣಿಗೆ ಈ ವಿಮೆ ಇಲ್ಲ. ಫೈನಾನ್ಸ್ ಕಂಪನಿಗಳ ಠೇವಣಿಗೂ ಇಲ್ಲ. ಒಂದು ಕಾಲಕ್ಕೆ ಅತ್ಯುತ್ತಮ ರೇಟಿಂಗ್ ಇದ್ದ ಡಿಎಚ್‌ಎಫ್‌ಎಲ್ ಕುಸಿದಾಗ ಎಷ್ಟೋ ಠೇವಣಿದಾರರಿಗೆ ಪೂರ್ತಿ ಹಣ ಮರಳಲಿಲ್ಲ. ಆ್ಯಪ್‌ಗಳಲ್ಲಿ ಮಾರುವ ಡಿಜಿಟಲ್ ಚಿನ್ನ ತನ್ನ ನಿಯಂತ್ರಣದಲ್ಲಿಲ್ಲ ಎಂದು 2025ರ ನವೆಂಬರ್‌ನಲ್ಲಿ ಸೆಬಿಯೇ ಎಚ್ಚರಿಸಿತು. ಕ್ರಿಪ್ಟೊ ವಿನಿಮಯ ಕೇಂದ್ರ ವಜೀರ್‌ಎಕ್ಸ್‌ಗೆ 2024ರ ಜುಲೈನಲ್ಲಿ ಕನ್ನ ಬಿದ್ದಾಗ ಸುಮಾರು 23 ಕೋಟಿ ಡಾಲರ್ ಮೌಲ್ಯದ ಆಸ್ತಿ ಹೋಯಿತು. ಲಾಭ ನಷ್ಟ ತಾಳಿಕೊಳ್ಳುವ ಶಕ್ತಿ ಇದ್ದವರು ಅಲ್ಲಿ ಹೂಡಲಿ, ನನ್ನ ತಕರಾರಿಲ್ಲ. ಆದರೆ ಅದನ್ನು ಉಳಿತಾಯ ಎಂದು ಕರೆಯಬೇಡಿ.

'ಬ್ಯಾಂಕ್ ಕೊಡೋ ಬಡ್ಡಿ ಯಾವ ಮೂಲೆಗೆ?' ಎಂದು ಗೆಳೆಯರು ನಗುತ್ತಾರೆ. ಲೆಕ್ಕ ಹಾಕೋಣ. ನಮ್ಮಂಥವರ ಬಳಿ ₹20,000 ಇದೆ ಎಂದುಕೊಳ್ಳಿ. ಶೇ 3ರ ಬಡ್ಡಿಯಲ್ಲಿ ವರ್ಷಕ್ಕೆ ₹600. ಯಾರೋ ಶೇ 12 ಕೊಡುತ್ತೇನೆಂದರೆ ₹2,400. ವ್ಯತ್ಯಾಸ ತಿಂಗಳಿಗೆ ₹150, ಒಂದು ಮೊಬೈಲ್ ರೀಚಾರ್ಜ್‌ಗೂ ಸಾಲದು. ಅಷ್ಟಕ್ಕಾಗಿ ಇಡೀ ₹20,000 ಪಣಕ್ಕಿಡುವುದು ಜಾಣತನವೇ? ಕೋಟಿ ಇದ್ದವರಿಗೆ ಬಡ್ಡಿ ದರ ಮುಖ್ಯವಾಗಬಹುದು, ನಮಗೆ ಅಸಲೇ ಮುಖ್ಯ.

ಹಾಗಾದರೆ ಆನ್‌ಲೈನ್ ಸಹವಾಸವೇ ಬೇಡ, ಪಾಸ್‌ಬುಕ್ ಇರಲಿ ಎನ್ನುವ ಮನೆಯ ಹಿರಿಯರ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಖಾತೆಯಲ್ಲಿ ಏನಾಗುತ್ತಿದೆ ಎಂದು ಕೂತಲ್ಲೇ ನೋಡಬಹುದಾದ ಅನುಕೂಲವೇ ಒಂದು ಭದ್ರತೆ. ಶಿಸ್ತು ಮಾತ್ರ ಬೇಕು. ಯುಪಿಐಗೆ ಒಂದು ಖಾತೆ ಇರಲಿ, ಅದರಲ್ಲಿ ತಿಂಗಳ ಖರ್ಚಿನಷ್ಟೇ ಹಣವಿರಲಿ. ಉಳಿತಾಯದ ಖಾತೆಯನ್ನು ಯಾವ ಆ್ಯಪ್‌ಗೂ ಜೋಡಿಸಬೇಡಿ. ಬ್ಯಾಂಕುಗಳ ಜಾಲತಾಣದ ವಿಳಾಸ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಕೊನೆಗೊಳ್ಳಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿ, ಅದಕ್ಕೆ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ವಿಳಾಸದ ಆ ಬಾಲ ನೋಡಿಯೇ ಒಳಗೆ ಹೋಗಿ. ಎಫ್‌ಡಿ ಮಾಡುವಾಗ ರಸೀದಿಯಲ್ಲಿರುವ ಹೆಸರು ಯಾವ ಬ್ಯಾಂಕಿನದು ಎಂದು ಓದಿ. ಹಣ ಹಾರಿಹೋದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ.

ಕಾಲೇಜುಗಳಲ್ಲಿ ರೆಸ್ಯೂಮೆ ಬರೆಯುವುದು, ಸಂದರ್ಶನ ಎದುರಿಸುವುದು ಹೇಳಿಕೊಡುತ್ತಾರೆ. ಬಂದ ಸಂಬಳವನ್ನು ಎಲ್ಲಿಡಬೇಕು ಎಂದು ಹೇಳಿಕೊಡುವುದಿಲ್ಲ. ಉದ್ಯೋಗ ಮಾರ್ಗದರ್ಶನ ಶಿಬಿರದಲ್ಲಿ ಇದಕ್ಕೊಂದು ಗಂಟೆ ಮೀಸಲಿಟ್ಟರೆ ಯಾವ ಪಾಠವೂ ಹಿಂದೆ ಬೀಳುವುದಿಲ್ಲ.

ಕೆಲಸ ಹುಡುಕುವವನ ಕೈಯಲ್ಲಿರುವ ನಾಲ್ಕು ತಿಂಗಳ ಖರ್ಚಿನ ಹಣ ಎಂದರೆ, ಸಿಕ್ಕ ಮೊದಲ ಕೆಟ್ಟ ಕೆಲಸಕ್ಕೆ 'ಬೇಡ' ಎನ್ನುವ ಧೈರ್ಯ. ಇನ್ನೊಂದು ಸಲ ಪರೀಕ್ಷೆ ಬರೆಯಲು ಸಿಗುವ ಸಮಯ. ಅದು ದೊಡ್ಡದಾಗಿ ಬೆಳೆಯದಿದ್ದರೂ ಚಿಂತೆಯಿಲ್ಲ, ಬೇಕಾದ ದಿನ ಇಟ್ಟಲ್ಲೇ ಇರಬೇಕು.