ಎರಡು ಬೆಲೆಗಳ ನಡುವೆ

ಸರ್ಕಾರವೇ ಬೆಲೆ ಕಟ್ಟುವ ಯೋಜಿತ ಅರ್ಥವ್ಯವಸ್ಥೆಯಿಂದ ಮಾರುಕಟ್ಟೆಯ ಕಡೆಗೆ ಹೋಗುವಾಗ ಒಮ್ಮೆಲೇ ಹೋಗಬೇಕೋ, ಹಂತಹಂತವಾಗಿ ಹೋಗಬೇಕೋ ಎಂಬ ಚರ್ಚೆ ಹಳೆಯದು. ಹಂತಹಂತವಾಗಿ ಹೋಗುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೊಂದು ಷರತ್ತಿದೆ.

1978ರ ಕೊನೆಯಲ್ಲಿ ಚೀನಾದ ಶಿಯಾವ್‌ಗಾಂಗ್ ಹಳ್ಳಿಯ ರೈತರು ಸಾಮೂಹಿಕ ಜಮೀನನ್ನು ಗುಟ್ಟಾಗಿ ಮನೆಮನೆಗೆ ಹಂಚಿಕೊಂಡರು. ಸರ್ಕಾರದ ಪಾಲು ಒಪ್ಪಿಸಿದ ಮೇಲೆ ಉಳಿದದ್ದು ಬೆಳೆದವರಿಗೆ. ಕಾಯಕದ ಫಲ ಕೈಗೆ ಸಿಕ್ಕಾಗ ಇಳುವರಿ ಏರಿತು. 1980ರ ದಶಕದಲ್ಲಿ ಉಕ್ಕು, ಕಲ್ಲಿದ್ದಲಿಗೂ ಇದೇ ಸೂತ್ರ ಬಂತು: ನಿಗದಿತ ಪ್ರಮಾಣ ಸರ್ಕಾರಿ ದರಕ್ಕೆ, ಹೆಚ್ಚುವರಿ ಮಾರುಕಟ್ಟೆ ದರಕ್ಕೆ. ಹಳೆಯ ದರವನ್ನು ನಂಬಿದ್ದವರು ಒಂದೇ ದಿನಕ್ಕೆ ಬೀದಿಗೆ ಬೀಳಲಿಲ್ಲ.

ರಷ್ಯಾದ ಪರಿಸ್ಥಿತಿ ಬೇರೆ. ಅಲ್ಲಿ ಹಳೆಯ ಆಡಳಿತವೇ ಕುಸಿದಿತ್ತು. 1992ರ ಜನವರಿ 2ರಂದು ಅದು ಹೆಚ್ಚಿನ ವಸ್ತುಗಳ ಬೆಲೆ ನಿಯಂತ್ರಣವನ್ನು ಒಮ್ಮೆಲೇ ತೆಗೆಯಿತು. ಆ ವರ್ಷ ಬೆಲೆಗಳು 20 ಪಟ್ಟಿಗೂ ಹೆಚ್ಚು ಏರಿದವು. ಜೀವಮಾನವಿಡೀ ದುಡಿದವರ ಉಳಿತಾಯ ಕರಗಿಹೋಯಿತು.

ಆದರೆ ಒಂದೇ ವಸ್ತುವಿಗೆ ಎರಡು ಬೆಲೆ ಇದ್ದಲ್ಲಿ ನಡುವಿನ ಅಂತರವನ್ನು ನುಂಗುವವರೂ ಹುಟ್ಟುತ್ತಾರೆ. ಚೀನಾದಲ್ಲಿ ಅಧಿಕಾರಸ್ಥರು, ಅವರ ಬಂಧುಗಳು ಸರ್ಕಾರಿ ದರಕ್ಕೆ ಸರಕು ಪಡೆದು ಮಾರುಕಟ್ಟೆಯಲ್ಲಿ ಮಾರಿದರು. 1989ರ ಜನರ ಆಕ್ರೋಶಕ್ಕೆ ಇದೂ ಒಂದು ಕಾರಣ.

ನಮ್ಮಲ್ಲಿ 1982ರಲ್ಲಿ ಸಿಮೆಂಟ್ ನಿಯಂತ್ರಣ ಭಾಗಶಃ ಸಡಿಲವಾಯಿತು. ಕಾರ್ಖಾನೆಗಳು ಒಂದು ಪಾಲನ್ನು ಲೆವಿ ದರಕ್ಕೆ ಕೊಟ್ಟು ಉಳಿದದ್ದನ್ನು ಮುಕ್ತವಾಗಿ ಮಾರಬಹುದಿತ್ತು. ನಾನಾಗ ಕಿರಿಯ ಎಂಜಿನಿಯರ್. ಕಾಮಗಾರಿಯಲ್ಲಿ ಖಾಲಿ ಚೀಲಗಳನ್ನೂ ಎಣಿಸಿ ಲೆಕ್ಕ ಇಡುತ್ತಿದ್ದೆವು. ಕಣ್ಣು ತಪ್ಪಿದರೆ ಲೆವಿ ಚೀಲ ಕಾಳಸಂತೆಗೆ ಹೋಗುವ, ಕಾಂಕ್ರೀಟಿನಲ್ಲಿ ಸಿಮೆಂಟ್ ಕಡಿಮೆಯಾಗುವ ಭಯ. 1989ರಲ್ಲಿ ನಿಯಂತ್ರಣ ಪೂರ್ತಿ ಹೋಯಿತು. ಎರಡು ಬೆಲೆ ಹೋದ ಮೇಲೆ ಆ ಕಳ್ಳತನದ ಲಾಭವೂ ಹೋಯಿತು.

ಇಂದು ಯೂರಿಯಾ ಇದೇ ಸ್ಥಿತಿಯಲ್ಲಿದೆ. ರೈತನ ರಿಯಾಯಿತಿ ಗೊಬ್ಬರ ಕಾರ್ಖಾನೆಗಳಿಗೆ ಸೋರುವುದನ್ನು ತಡೆಯಲೆಂದು 2015ರಲ್ಲಿ ಬೇವಿನ ಲೇಪನ ಕಡ್ಡಾಯವಾಯಿತು. ಬೆಲೆಯ ಅಂತರ ಮಾತ್ರ ಹಾಗೆಯೇ ಉಳಿದಿದೆ. ರಿಯಾಯಿತಿಯ ಹಣವನ್ನು ನೇರ ರೈತನ ಖಾತೆಗೆ ಹಾಕುತ್ತ, ಚೀಲದ ಬೆಲೆಯನ್ನು ವರ್ಷವರ್ಷ ನಿಜವಾದ ಬೆಲೆಗೆ ಹತ್ತಿರ ತರಬಹುದು. ಹಣ ಮೊದಲು, ಬೆಲೆ ಏರಿಕೆ ಆಮೇಲೆ. ಗೇಣಿಗೆ ಉಳುವವನೂ ಆ ಪಟ್ಟಿಯಲ್ಲಿರಬೇಕು.

ಸೇತುವೆ ಕಟ್ಟುವಾಗ ಪಕ್ಕದಲ್ಲಿ ತಾತ್ಕಾಲಿಕ ರಸ್ತೆ ಮಾಡುತ್ತೇವೆ. ಸೇತುವೆ ಮುಗಿಯುವ ದಿನಾಂಕವನ್ನೂ ಫಲಕದಲ್ಲಿ ಬರೆಯುತ್ತೇವೆ. ನನ್ನ ಷರತ್ತೂ ಅಷ್ಟೇ: ಪ್ರತಿ ಹಂತಕ್ಕೂ ಕೊನೆಯ ದಿನಾಂಕವಿರಲಿ, ಅದರ ಲೆಕ್ಕ ಎಲ್ಲರಿಗೂ ಕಾಣುವಂತಿರಲಿ.